ಪಾಕ ಬೇರೆ ಡಬ್ಬಿಯಲ್ಲಿ: ಚಿಕನ್ ಪಾರ್ಸೆಲ್ ಒಯ್ಯುವ ಗ್ರಾಹಕರಿಗೆ ಒಂದು ಪತ್ರ

ಕಲಬುರಗಿ

ಮಾನ್ಯ ಗ್ರಾಹಕರೇ,

ಸೇಡಂ ರಸ್ತೆಯ ನಮ್ಮ ಅಡುಗೆಮನೆಯಿಂದ ಪಾರ್ಸೆಲ್ ಹೋಗುವ ಗರಿಗರಿ ಚಿಕನ್ನಿನ ಮೇಲೆ ಬರುವ ಸೋಮವಾರದಿಂದ ಸಿಹಿ-ಖಾರದ ಪಾಕವನ್ನು ನಾವೇ ಸುರಿದು ಕೊಡುವುದಿಲ್ಲ. ಬ್ರೆಡ್ ಪುಡಿ ಹಚ್ಚಿ ಕರಿದ ಚಿಕನ್ ರಟ್ಟಿನ ಪೆಟ್ಟಿಗೆಯಲ್ಲಿ, ಪಾಕ ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ, ಹೀಗೆ ಎರಡೂ ಬೇರೆ ಬೇರೆಯಾಗಿ ನಿಮ್ಮ ಕೈ ಸೇರುತ್ತವೆ. ಅಂಗಡಿಯಲ್ಲೇ ಕುಳಿತು ತಿನ್ನುವವರಿಗೆ ಏನೂ ಬದಲಾಗುವುದಿಲ್ಲ; ಅವರ ತಟ್ಟೆಗೆ ಮೊದಲಿನಂತೆ ಪಾಕದಲ್ಲಿ ಹೊರಳಿಸಿದ ಚಿಕನ್ನೇ ಬರುತ್ತದೆ. ಈ ಸುದ್ದಿಯನ್ನು ಕೌಂಟರಿನಲ್ಲಿ ಬಾಯಿಮಾತಿಗೆ ಹೇಳಿದಾಗ ಕೆಲವರು "ಪಾಕ ಉಳಿಸ್ಲಕತ್ತೀರೇನ್ರಿ?" ಎಂದು ನಗುತ್ತಲೇ ಕೇಳಿದರು. ನಗುತ್ತ ಕೇಳಿದ್ದರೂ ಪ್ರಶ್ನೆ ನ್ಯಾಯವಾದದ್ದೇ ಆಗಿರುವುದರಿಂದ, ಕಾರಣವನ್ನು ಬರವಣಿಗೆಯಲ್ಲಿಯೇ ತಿಳಿಸುವುದು ಸರಿ ಎನಿಸಿತು.

ಕಳೆದ ಮಳೆಗಾಲದಿಂದ ಪಾರ್ಸೆಲ್ ಬಗ್ಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿತ್ತು. ಜೇವರ್ಗಿ ರಸ್ತೆಯ ಕಡೆಯಿಂದ ವಾರಕ್ಕೊಮ್ಮೆ ತಪ್ಪದೆ ತರಿಸಿಕೊಳ್ಳುವ ತಾಯಿಯೊಬ್ಬರು ಫೋನಿನಲ್ಲಿ "ಡಬ್ಬಿ ತೆರದ್ರ ಚಿಕನ್ ಸಾರಿನ್ಯಾಗ ಅದ್ದಿದ ರೊಟ್ಟಿ ಆಗ್ಯಾದ ನೋಡ್ರಿ" ಎಂದರು. ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರವಿವಾರ ಊರೊಳಗೆ ಬಂದವರು ಹಿಂದಿರುಗುವಾಗ ಗೆಳೆಯರಿಗೆಂದು ಪಾರ್ಸೆಲ್ ಒಯ್ಯುತ್ತಾರೆ. ಆಳಂದ ರಸ್ತೆಯ ಬಸ್ಸಿನಲ್ಲಿ ಅದು ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಗರಿಗರಿ ಎಂಬ ಹೆಸರಷ್ಟೇ ಉಳಿದಿರುತ್ತಿತ್ತು. ಎಣ್ಣೆ ಹಳೆಯದಿರಬೇಕು ಎಂದು ಶಂಕಿಸಿದವರೂ ಇದ್ದರು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಶೇ. 25ನ್ನು ಮೀರಿದರೆ ಅದನ್ನು ಬಳಸುವಂತಿಲ್ಲ ಎಂಬುದು 2018ರಿಂದ ದೇಶದಲ್ಲಿರುವ ಆಹಾರ ಸುರಕ್ಷತಾ ನಿಯಮ, ನಾವು ಆ ಮಿತಿಗೆ ಬರುವ ಮುಂಚೆಯೇ ಎಣ್ಣೆ ತೆಗೆದುಬಿಡುತ್ತೇವೆ. ತಪ್ಪು ಎಣ್ಣೆಯದಾಗಿರಲಿಲ್ಲ.

ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ನಾವು ಪಾಲುದಾರರು ಮೂವರೂ ಕುಳಿತು, ಒಂದೇ ಬಾಣಲೆಯಲ್ಲಿ ಕರಿದ ಚಿಕನ್ನಿನಿಂದ ಮೂರು ಪಾರ್ಸೆಲ್ ಕಟ್ಟಿ, ಗಡಿಯಾರ ನೋಡಿಕೊಂಡು ಒಂದೊಂದಾಗಿ ಬಿಚ್ಚಿದೆವು. ಹತ್ತನೇ ನಿಮಿಷಕ್ಕೆ ಬಿಚ್ಚಿದ್ದನ್ನು ಚಮಚದ ಬೆನ್ನಿನಿಂದ ತಟ್ಟಿದರೆ ಇನ್ನೂ ಟಕ್ ಎನ್ನುತ್ತಿತ್ತು. ಇಪ್ಪತ್ತನೇ ನಿಮಿಷದ ಡಬ್ಬಿಯಲ್ಲಿ ಮೇಲಿನ ತುಂಡುಗಳು ಪರವಾಗಿರಲಿಲ್ಲ, ಆದರೆ ತಳದವು ಬೆರಳಿಗೆ ಅಂಟಿ ಬಂದವು. ಮೂವತ್ತೈದನೇ ನಿಮಿಷದ ಡಬ್ಬಿಯ ಮುಚ್ಚಳ ಎತ್ತಿದಾಗ ಅದರ ಒಳಮೈಗೆ ಸಾಲಾಗಿ ಕಟ್ಟಿದ್ದ ನೀರಹನಿಗಳು ನಮ್ಮ ಕಣ್ಣೆದುರೇ ಚಿಕನ್ನಿನ ಮೇಲೆ ತೊಟ್ಟಿಕ್ಕಿದವು, ಬ್ರೆಡ್ಡಿನ ಪದರ ಮಾಂಸದಿಂದ ಸಡಿಲಗೊಂಡು ಒದ್ದೆ ಅಂಗಿಯಂತೆ ಜೋತುಬಿದ್ದಿತ್ತು. ಇದನ್ನೇ ನಿಮ್ಮ ಮನೆಗೆ ಕಳಿಸುತ್ತಿದ್ದೆವಲ್ಲ ಎಂದು ನಾಚಿಕೆಯಾದದ್ದು ನಿಜ.

ಆಗಿದ್ದು ಇಷ್ಟು. ಚಿಕನ್ ಎಣ್ಣೆಗೆ ಬಿದ್ದಾಗ ಏಳುವ ಗುಳ್ಳೆಗಳೆಲ್ಲ ಹೊರಪದರದ ನೀರು ಆವಿಯಾಗಿ ಹೊರಬೀಳುವುದರ ಗುರುತು. ಆ ನೀರು ಹೋದ ಜಾಗ ಟೊಳ್ಳಾಗಿ ಒಣಗಿ ಉಳಿಯುವುದರಿಂದಲೇ ಬ್ರೆಡ್ ಪುಡಿ ಕುರುಕುರು ಎನ್ನುತ್ತದೆ. ಒಣಗಿದ್ದಕ್ಕೆ ಮತ್ತೆ ನೀರು ಸಿಕ್ಕರೆ ಅದು ಹೀರಿಕೊಳ್ಳದೆ ಬಿಡುವುದಿಲ್ಲ. ಒಳಗಿನ ಬಿಸಿ ಮಾಂಸದಿಂದ ಆವಿ ಬರುತ್ತಲೇ ಇರುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದಕ್ಕೆ ಹೊರದಾರಿಯಿಲ್ಲ, ಅದರ ಮೇಲೆ ನಾವು ಸುರಿದ ಪಾಕವೂ ನೀರಿನ ಇನ್ನೊಂದು ಮೂಲವೇ. ಬೆಲ್ಲವನ್ನು ಒಂದೆಳೆ ಪಾಕಕ್ಕೆ ಕಾಯಿಸಿದಾಗಲೂ ಅದರಲ್ಲಿ ಸುಮಾರು ಐದನೇ ಒಂದು ಪಾಲು ನೀರು ಇದ್ದೇ ಇರುತ್ತದೆ, ನಾವು ಸೇರಿಸುವ ಮೆಣಸಿನಕಾಯಿ ಅರಪು ಮತ್ತು ಹುಣಸೆರಸದ ತೇವ ಬೇರೆ.

ಹಾಗಾದರೆ ಪಾಕವನ್ನೇ ಗಟ್ಟಿ ಮಾಡಬಾರದೇಕೆ ಎಂದು ನೀವು ಕೇಳಬಹುದು. ಮಾಡಿ ನೋಡಿದೆವು. ಉಂಡೆ ಪಾಕದ ತನಕ ಕಾಯಿಸಿದಾಗ ಚಿಕನ್ ತಣ್ಣಗಾಗುತ್ತಿದ್ದಂತೆ ತುಂಡುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಶೇಂಗಾ ಚಿಕ್ಕಿಯ ಹಲಗೆಯಂತಾಯಿತು. ಬಿಡಿಸಲು ಹೋದರೆ ಹೊರಪದರವೇ ಕಿತ್ತು ಬರುತ್ತಿತ್ತು. ಪಾಕವನ್ನು ಕಡಿಮೆ ಸುರಿದರೆ ರುಚಿ ಸಾಲದು. ನಮ್ಮಲ್ಲಿ ಈ ತಿನಿಸಿನ ಜೀವವೇ ಪಾಕದಲ್ಲಿದೆ: ಬೀದರ ಕಡೆಯ ಬೆಲ್ಲ, ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಗುಂಟೂರಿನದು ಸ್ವಲ್ಪ, ಜಜ್ಜಿದ ಬಳ್ಳೊಳ್ಳಿ ಧಾರಾಳವಾಗಿ, ಹುಣಸೆರಸ, ಸೋಯಾ ಸಾಸ್, ಕೊನೆಯಲ್ಲಿ ಹುರಿದ ಎಳ್ಳು. ಕೊರಿಯಾದವರು ಇಂಥದ್ದೇ ಪಾಕಕ್ಕೆ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿ ಅರಪನ್ನು ಬಳಸುತ್ತಾರೆ. ಮೊದಮೊದಲು ನಾವೂ ಅದನ್ನು ತರಿಸಿದ್ದೆವು, ಆದರೆ ಖಾರಬ್ಯಾಳಿ ಉಂಡು ಬೆಳೆದ ನಾಲಿಗೆಗೆ ಅದರ ಖಾರ ಸಾಕಾಗಲಿಲ್ಲ.

ಅವರಿಂದ ಕಲಿತು ಉಳಿಸಿಕೊಂಡದ್ದು ಎರಡು ಸಲ ಕರಿಯುವ ಪದ್ಧತಿಯನ್ನು. ಎಲುಬಿಲ್ಲದ ತೊಡೆಯ ಮಾಂಸವನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನಾಲ್ಕು ತಾಸು ನೆನೆಸಿ, ಒರೆಸಿ, ಕಾರ್ನ್ ಫ್ಲೋರ್ ಬೆರೆಸಿದ ಮೈದಾ, ಕಲಕಿದ ಮೊಟ್ಟೆ, ಆಮೇಲೆ ಬ್ರೆಡ್ ಪುಡಿ ಎಂಬ ಕ್ರಮದಲ್ಲಿ ಹೊದಿಸಿ, ಪದರ ಗಟ್ಟಿಯಾಗಿ ಹಿಡಿದುಕೊಳ್ಳಲೆಂದು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡುತ್ತೇವೆ. ಮೊದಲ ಸಲ 160 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಮಾಂಸ ಬೇಯುವಷ್ಟು, ಅಂದರೆ ನಡುಭಾಗ 74 ಡಿಗ್ರಿ ಮುಟ್ಟುವಷ್ಟು. ಸ್ವಲ್ಪ ಹೊತ್ತು ಹೊರಗಿಟ್ಟು, ಎರಡನೇ ಸಲ 180 ಡಿಗ್ರಿಯಲ್ಲಿ ಎರಡೇ ನಿಮಿಷ. ಎರಡು ಸುತ್ತಿನ ನಡುವೆ ಮಾಂಸದ ತೇವ ಹೊರಪದರಕ್ಕೆ ಬಂದಿರುತ್ತದೆ, ಎರಡನೇ ಸುತ್ತು ಅದನ್ನೂ ಓಡಿಸುತ್ತದೆ. ಬ್ರೆಡ್ ಪುಡಿಯನ್ನು ಸಹ ಮೊದಲಿನಷ್ಟು ನುಣ್ಣಗೆ ಮಾಡುತ್ತಿಲ್ಲ. ಜಪಾನಿನ ಪಾಂಕೊ ಪುಡಿಗೆ ಬೇಕಾದ ಬ್ರೆಡ್ಡನ್ನು ಒಲೆಯಲ್ಲಲ್ಲ, ಹಿಟ್ಟಿನೊಳಗೆ ವಿದ್ಯುತ್ ಹಾಯಿಸಿ ಬೇಯಿಸುತ್ತಾರಾದ್ದರಿಂದ ಅದಕ್ಕೆ ಕಂದು ಅಂಚೇ ಇರುವುದಿಲ್ಲ, ಪುಡಿ ಚೂರುಚೂರಾಗಿ ಹಗುರವಾಗಿರುತ್ತದೆ. ಅದನ್ನು ತರಿಸುವುದು ನಮಗೆ ದುಬಾರಿ. ಬೇಕರಿಯ ಎರಡು ದಿನದ ಬ್ರೆಡ್ಡಿನ ಅಂಚು ಕತ್ತರಿಸಿ, ದಪ್ಪ ಚೂರಾಗಿ ಉದುರಿಸಿ, ನೆರಳಲ್ಲಿ ಆರಿಸಿಕೊಂಡರೆ ಕೆಲಸ ನಡೆಯುತ್ತದೆ. ಈ ಬಿಸಿಲ ನಾಡಿನಲ್ಲಿ ಆರಿಸುವುದೊಂದು ಕಷ್ಟವೇ ಅಲ್ಲ.

ಇಷ್ಟೆಲ್ಲ ಮಾಡಿದರೂ ಪಾಕ ಸುರಿದು ಮುಚ್ಚಿಟ್ಟ ಚಿಕನ್ ಅರ್ಧ ತಾಸಿನ ಪ್ರಯಾಣ ತಾಳಲಿಲ್ಲ. ಪಾಕ ಹಾಕದೆ, ಪಕ್ಕದಲ್ಲಿ ಗಾಳಿ ಆಡಲು ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟದ್ದು ಮುಕ್ಕಾಲು ತಾಸಿನ ನಂತರವೂ ತಾಳಿತು. ಆದ್ದರಿಂದಲೇ ಈ ನಿರ್ಧಾರ. ಕರಿದ ಚಿಕನ್ನನ್ನು ಈಗ ಕಾಗದದ ಮೇಲೆ ಹರಡದೆ ತಂತಿಯ ಜಾಲಿಯ ಮೇಲೆ ಎರಡು ನಿಮಿಷ ಆವಿ ಬಿಡಿಸಿಯೇ ಪೆಟ್ಟಿಗೆಗೆ ಹಾಕುತ್ತೇವೆ, ಹಾಗಾಗಿ ಆರ್ಡರ್ ಕೊಟ್ಟ ಮೇಲೆ ಮೊದಲಿಗಿಂತ ತುಸು ಹೆಚ್ಚು ಕಾಯಬೇಕಾಗುತ್ತದೆ. ಪೆಟ್ಟಿಗೆಯನ್ನು ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿದು ಕಟ್ಟಬೇಡಿ; ಕಟ್ಟಿದರೆ ರಂಧ್ರಗಳಿದ್ದೂ ಇಲ್ಲದಂತೆ.

ಮನೆಯಲ್ಲಿ ಮಾಡಬೇಕಾದ ಕೆಲಸ ಎರಡು ನಿಮಿಷದ್ದು. ಪಾಕದ ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಪಾಕ ಸಡಿಲಾಗುತ್ತದೆ. ಅಗಲವಾದ ಪಾತ್ರೆಗೆ ಚಿಕನ್ ಹಾಕಿ, ಪಾಕವನ್ನು ಅಂಚಿನಿಂದ ಸುರಿದು, ಚಮಚದಿಂದ ತಿರುವದೆ ಪಾತ್ರೆಯನ್ನೇ ನಾಲ್ಕೈದು ಸಲ ಕುಲುಕಿ. ಚಮಚ ಆಡಿಸಿದರೆ ಪದರ ಒಡೆಯುತ್ತದೆ. ತಟ್ಟೆಗೆ ಹಾಕಿದ ಕೂಡಲೇ ತಿನ್ನಿರಿ. ಮನೆಮಂದಿ ಒಬ್ಬೊಬ್ಬರಾಗಿ ಬರುವುದಿದ್ದರೆ ಬೇಕಾದಷ್ಟಕ್ಕೇ ಪಾಕ ಹಚ್ಚಿ, ಖಾರ ಬೇಡವೆನ್ನುವ ಮಕ್ಕಳ ಪಾಲನ್ನು ಹಾಗೆಯೇ ಬಿಡಬಹುದು. ಇದೊಂದು ಅನುಕೂಲ ನಾವು ಮೊದಲು ಯೋಚಿಸಿರಲಿಲ್ಲ, ಪ್ರಯೋಗದ ದಿನಗಳಲ್ಲಿ ಒಯ್ದ ಗ್ರಾಹಕರೇ ಹೇಳಿದ್ದು. ಚಿಕನ್ ಆರಿದ್ದರೆ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿನ ಮೇಲೆ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ ಹೊರಳಿಸುತ್ತ ನಾಲ್ಕೈದು ನಿಮಿಷ ಬಿಸಿ ಮಾಡಿ. ಮೈಕ್ರೊವೇವ್ ಬೇಡ, ಅದು ಒಳಗಿನ ನೀರನ್ನೆಲ್ಲ ಹೊರಪದರಕ್ಕೆ ತಂದು ನಮ್ಮ ಶ್ರಮವನ್ನು ಒಂದೇ ನಿಮಿಷದಲ್ಲಿ ಹಾಳು ಮಾಡುತ್ತದೆ. ಎರಡು ತಾಸಿಗಿಂತ ಹೆಚ್ಚು ಹೊರಗೆ ಇಟ್ಟುಕೊಳ್ಳಬೇಡಿ, ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ಒಂದು ತಾಸು ಸಾಕು.

ಇನ್ನು ಪಾಕ ಉಳಿಸುವ ಮಾತು. ಮೊದಲು ಒಂದು ಪಾರ್ಸೆಲ್ಲಿಗೆ 60 ಗ್ರಾಂ ಪಾಕ ಹಿಡಿಯುತ್ತಿತ್ತು, ಈಗ ಡಬ್ಬಿಯಲ್ಲಿ 80 ಗ್ರಾಂ ತುಂಬುತ್ತಿದ್ದೇವೆ, ಏಕೆಂದರೆ ಸ್ವಲ್ಪ ಡಬ್ಬಿಗೇ ಅಂಟಿ ಉಳಿಯುತ್ತದೆ. ಪೆಟ್ಟಿಗೆ ಮತ್ತು ಡಬ್ಬಿಯ ಖರ್ಚಿಗಾಗಿ ಪಾರ್ಸೆಲ್ ಬೆಲೆಯಲ್ಲಿ 10 ರೂಪಾಯಿ ಏರಿಸಿದ್ದೇವೆ. ತೊಳೆದ ಡಬ್ಬಿ ಹಿಂದಿರುಗಿಸಿದವರಿಗೆ ಅಥವಾ ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗೆ ಆ 10 ರೂಪಾಯಿಯನ್ನು ಬಿಲ್ಲಿನಲ್ಲೇ ಕಳೆಯಲಾಗುತ್ತದೆ. ಅಂಗಡಿಯ ಸಮೀಪವೇ ಇದ್ದು ಹತ್ತು ನಿಮಿಷದೊಳಗೆ ತಿನ್ನುವವರು ಪಾಕ ಹಚ್ಚಿಯೇ ಬೇಕೆಂದರೆ ಆರ್ಡರ್ ಕೊಡುವಾಗ ಹೇಳಿದರೆ ಸಾಕು, ಹಾಗೆಯೇ ಕೊಡುತ್ತೇವೆ. ಮನೆಯ ಕಾರ್ಯಕ್ರಮಗಳಿಗೆ ಐದು ಕಿಲೋಗಿಂತ ಹೆಚ್ಚು ಬೇಕಾದವರು ಹಿಂದಿನ ದಿನ ತಿಳಿಸಿದಲ್ಲಿ, ಎರಡನೇ ಸಲದ ಕರಿಯುವಿಕೆಯನ್ನು ನಿಮ್ಮಲ್ಲಿಗೇ ಬಂದು ಮಾಡಿಕೊಡಲು ನಮ್ಮ ಹುಡುಗನೊಬ್ಬನನ್ನು ಬಾಣಲೆಯ ಸಮೇತ ಕಳಿಸುತ್ತೇವೆ. ಗ್ಯಾಸ್ ಸಿಲಿಂಡರ್ ಮಾತ್ರ ನಿಮ್ಮದಿರಲಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಡುಗೆಮನೆಯ ಪಾಲುದಾರರು