ಅಜ್ಜನ ಮಾತಿನಿಂದ ಶುರು ಮಾಡು

ಎಡಿನ್‌ಬರೋ,
ನವೆಂಬರ್ 16

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ಅಜ್ಜನ ಮಂಡಿನೋವು ಹೇಗಿದೆ? ಅಡಿಕೆ ಕೊನೆ ಕೊಯ್ಲು ಶುರುವಾಯಿತೇ? ಇಲ್ಲಿ ಈಗ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ. ಗ್ರಂಥಾಲಯದಿಂದ ಹೊರಗೆ ಬಂದರೆ ಬೀದಿದೀಪ ಹತ್ತಿರುತ್ತದೆ, ಮನೆಯಲ್ಲಿ ನೀವೆಲ್ಲ ಊಟ ಮುಗಿಸಿ ಮಲಗುವ ಸಮಯವಾಗಿರುತ್ತದೆ.

ಇಲ್ಲಿ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಓದಲು ಅರ್ಜಿಯ ಜೊತೆ ಕೊಡಬೇಕಾದ ಪರ್ಸನಲ್ ಸ್ಟೇಟ್‌ಮೆಂಟನ್ನು, ಅಂದರೆ ನಿನ್ನ ಬಗ್ಗೆ ನೀನೇ ಬರೆದು ಕಳುಹಿಸಿದ ಪುಟಗಳನ್ನು, ಮೂರು ಸಲ ಓದಿದೆ. ಭಾಷೆ ತಿದ್ದಿ ಕೊಡು ಎಂದು ಕೇಳಿದ್ದೀಯ. ಭಾಷೆಯಲ್ಲಿ ತಪ್ಪು ಕಡಿಮೆ. ಆದರೆ ಬಾಲ್ಯದಿಂದಲೂ ನ್ಯಾಯದ ಬಗ್ಗೆ ಒಲವಿತ್ತು ಎಂದು ಶುರುವಾಗಿ, ವಿಶ್ವವಿದ್ಯಾಲಯದ ಕೀರ್ತಿಯನ್ನು ಹೊಗಳಿ, ಸಮಾಜಸೇವೆ ಮಾಡುತ್ತೇನೆ ಎಂದು ಮುಗಿಯುವ ಆ ಎರಡು ಪುಟಗಳಲ್ಲಿ ನಮ್ಮೂರು ಸಾಗರ ಇಲ್ಲ, ಶರಾವತಿ ಇಲ್ಲ, ನೀನೂ ಇಲ್ಲ. ಅದರ ಕೆಳಗೆ ಯಾರ ಹೆಸರು ಬರೆದರೂ ನಡೆಯುತ್ತದೆ. ಬೇಸರ ಮಾಡಿಕೊಳ್ಳಬೇಡ. ಮೊದಲ ಸಲ ನಾನು ಬರೆದದ್ದೂ ಹೀಗೆಯೇ ಇತ್ತು. ಅರ್ಜಿ ಹಾಕಿದ ಮೂರು ಕಡೆಗಳಲ್ಲಿ ಎರಡು ಕಡೆಯಿಂದ ಇಲ್ಲ ಎಂದು ಉತ್ತರ ಬಂತು. ಮೂರನೆಯವರು ಸೀಟು ಕೊಟ್ಟರು, ಹಣ ಕೊಡಲಿಲ್ಲ. ಆಮೇಲೆ ಅಪ್ಪಯ್ಯ ಬ್ಯಾಂಕಿಗೆ ಹೋಗಿ ಬಂದ ದಿನ ನಿನಗೂ ನೆನಪಿರಬೇಕು. ಅಷ್ಟು ದೊಡ್ಡ ಸಾಲಕ್ಕೆ ಜಮೀನಿನ ಪಹಣಿ ತನ್ನಿ ಎಂದರು. ನಮ್ಮ ಹೆಸರಿನಲ್ಲಿ ಪಹಣಿ ಎಲ್ಲಿತ್ತು? ಜಗಲಿಯ ಮೇಲೆ ಕೂತು ಅಪ್ಪಯ್ಯ ರಾತ್ರಿಯವರೆಗೂ ಮಾತಾಡಲಿಲ್ಲ.

ಕಳೆದ ಭಾನುವಾರ ನಾನು ಪೇಸ್ಲಿಗೆ ಹೋಗಿದ್ದೆ. ಗ್ಲಾಸ್ಗೋದಿಂದ ರೈಲಿನಲ್ಲಿ ಸ್ವಲ್ಪವೇ ದೂರ. ನೀನು ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿದ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣದ ಊರು ಅದು. 1928ರ ಆಗಸ್ಟ್ 26ರಂದು ಅಲ್ಲಿನ ಒಂದು ಕೆಫೆಯಲ್ಲಿ ಡೊನೊಹ್ಯೂ ಎಂಬಾಕೆ ಜಿಂಜರ್ ಬಿಯರ್ ಕುಡಿದದ್ದು, ಬಾಟಲಿಯಲ್ಲಿ ಕೊಳೆತ ಬಸವನಹುಳು ಸಿಕ್ಕಿತು ಎಂದು ಅದನ್ನು ತಯಾರಿಸಿದ ಸ್ಟೀವನ್‌ಸನ್ ಮೇಲೆ ದಾವೆ ಹೂಡಿದ್ದು, 1932ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟದ್ದು ನಮಗೆಲ್ಲ ಗೊತ್ತು. ತನ್ನ ಆಸ್ತಿಯೆಲ್ಲ ಸೇರಿದರೂ ಐದು ಪೌಂಡ್ ಆಗುವುದಿಲ್ಲ ಎಂದು ಆ ಹೆಂಗಸು ಪ್ರಮಾಣ ಮಾಡಿ ಹೇಳಿ, ಬಡವಳೆಂದು ವೆಚ್ಚದ ವಿನಾಯಿತಿ ಪಡೆದು ಮೊಕದ್ದಮೆ ನಡೆಸಿದಳು ಎಂಬುದನ್ನು ನಮಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಹುಳುವನ್ನು ನೆನಪಿಟ್ಟುಕೊಂಡೆವು, ಅವಳನ್ನು ಮರೆತೆವು. ಕೆಫೆ ಇದ್ದ ಮೂಲೆಯಲ್ಲಿ ನಿಂತಾಗ ನಿನ್ನ ಎರಡು ಪುಟಗಳು ನೆನಪಾದವು. ಅದರಲ್ಲೂ ಕಾನೂನು ಇದೆ, ಮನುಷ್ಯರಿಲ್ಲ.

ನನ್ನ ಎರಡನೆಯ ಅರ್ಜಿ ಹೇಗೆ ಬೇರೆಯಾಯಿತು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಸನ್ನದು ಪಡೆದು ಸಾಗರದ ಕೋರ್ಟಿನಲ್ಲಿ ಸೀನಿಯರ್ ಕೈಕೆಳಗೆ ಇದ್ದ ಆ ಎರಡು ವರ್ಷ ನಾನು ಹೆಚ್ಚಾಗಿ ಮಾಡಿದ್ದು ವಾಯಿದೆ ಕೇಳುವುದು, ನಕಲು ತೆಗೆಸುವುದು, ತಹಶೀಲ್ದಾರ್ ಕಚೇರಿಗೆ ಅಲೆಯುವುದು. ಕಾಡುಭೂಮಿಯ ಹಕ್ಕುಪತ್ರ ಕೇಳಿಕೊಂಡು ಬಂದ ಮುದುಕರೊಬ್ಬರಿಗೆ ನಾನೇ ಅರ್ಜಿ ಓದಿ ಹೇಳುತ್ತಿದ್ದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅವರು ನನ್ನ ಮುಖ ನೋಡಿ, 'ನಮ್ಮನ್ನು ಕಾಡಿಗೆ ತಂದು ಬಿಟ್ಟವರೇ ಸರ್ಕಾರದವರಲ್ಲವೇನಮ್ಮ, ನಮ್ಮ ಊರು ನೀರಿನಡಿ ಇದೆ, 75 ವರ್ಷ ಎಲ್ಲಿಂದ ತರಲಿ?' ಎಂದರು. ಅಜ್ಜ ಹೇಳುತ್ತಿದ್ದದ್ದೂ ಅದೇ ಮಾತಲ್ಲವೇ. ಊರುಗಳನ್ನು ಮುಳುಗಿಸಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಲಾರಿಯಲ್ಲಿ ಪಾತ್ರೆ, ದನ, ಬಾಗಿಲು, ತೊಲೆ ಹೇರಿಕೊಂಡು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಾಯುತ್ತಿದ್ದಾರೆ.

ಆ ರಾತ್ರಿ ಅಜ್ಜನ ತಗಡಿನ ಪೆಟ್ಟಿಗೆ ತೆರೆದು ಕೂತೆ. ಅದರಲ್ಲಿದ್ದದ್ದು ಕೆಲವು ರಸೀದಿ, ಒಂದು ನೋಟಿಸು, ಗೆದ್ದಲು ತಿಂದ ಒಂದು ನಕ್ಷೆ. ಉಳಿದ ದಾಖಲೆಯೆಲ್ಲ ಅಜ್ಜನ ಬಾಯಲ್ಲಿತ್ತು: ಯಾವ ಹಳ್ಳ ಎಲ್ಲಿ ತಿರುಗುತ್ತಿತ್ತು, ಯಾವ ಗದ್ದೆಗೆ ಯಾವ ಹೆಸರು. ಕಾಗದ ಇಲ್ಲದವನ ಮಾತನ್ನು ಕಾನೂನು ಯಾವಾಗ ಸಾಕ್ಷ್ಯವೆಂದು ಒಪ್ಪುತ್ತದೆ? ಅರಣ್ಯ ಹಕ್ಕು ನಿಯಮಗಳಲ್ಲಿ ಹಿರಿಯರ ಲಿಖಿತ ಹೇಳಿಕೆಗೂ ಸ್ಥಾನವಿದೆ. ಆದರೂ ಕಚೇರಿಯ ಕಿಟಕಿಯ ಮುಂದೆ ಅದಕ್ಕೆ ಬೆಲೆ ಸಿಗುವುದನ್ನು ನಾನು ಕಾಣಲಿಲ್ಲ. ಈ ಒಂದೇ ಪ್ರಶ್ನೆಯ ಸುತ್ತ ಬರೆದೆ. ಬೇರೆ ಏನನ್ನೂ ಸೇರಿಸಲಿಲ್ಲ.

ಅದಕ್ಕೆ ಸ್ಕಾಟ್ಲೆಂಡೇ ಏಕೆ ಎಂದು ಬ್ರಿಟಿಷ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನದ ಸಂದರ್ಶನದಲ್ಲೂ ಕೇಳಿದ್ದರು. ಇಲ್ಲಿನ ಬೆಟ್ಟಸೀಮೆಯಲ್ಲಿ ಜಮೀನುದಾರರು ಕುರಿ ಮೇಯಿಸಲು ರೈತರನ್ನು ಒಕ್ಕಲೆಬ್ಬಿಸಿದ್ದರು. ಕ್ರಾಫ್ಟರ್ ಎಂದು ಕರೆಯುವ ಆ ಸಣ್ಣ ಹಿಡುವಳಿದಾರರ ಅಹವಾಲು ಕೇಳಲು 1883ರಲ್ಲಿ ಒಂದು ಆಯೋಗ ನೇಮಿಸಿದರು. ಅಧ್ಯಕ್ಷ ಲಾರ್ಡ್ ನೇಪಿಯರ್ 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು! ಆಯೋಗ ದ್ವೀಪ ದ್ವೀಪ ತಿರುಗಿ, ಅಲ್ಲಿನ ಗೇಲಿಕ್ ಭಾಷೆ ಮಾತ್ರ ಬಲ್ಲವರ ಮಾತನ್ನು ದುಭಾಷಿಗಳ ಮೂಲಕ ಕೇಳಿ ಬರೆದುಕೊಂಡಿತು. ಅದರ ಬೆನ್ನಿಗೇ ಬಂದ 1886ರ ಕಾಯ್ದೆ ಅವರಿಗೆ ಒಕ್ಕಲೆಬ್ಬಿಸದಂತೆ ಭದ್ರತೆ, ನ್ಯಾಯವಾದ ಗೇಣಿ, ಹಿಡುವಳಿಯನ್ನು ಮನೆಯವರಿಗೆ ಬಿಟ್ಟುಹೋಗುವ ಹಕ್ಕು ಕೊಟ್ಟಿತು. ಆ ಸಾಕ್ಷ್ಯದ ಸಂಪುಟಗಳನ್ನು ಈಗ ದಿನಾ ಓದುತ್ತಿದ್ದೇನೆ. ಎಷ್ಟೋ ಪುಟಗಳಲ್ಲಿ ಅಜ್ಜನ ದನಿಯೇ ಕೇಳಿಸಿದಂತಾಗುತ್ತದೆ.

ನಿನ್ನ ಪ್ರಶ್ನೆ ಇದೇ ಆಗಬೇಕೆಂದಿಲ್ಲ. ಸ್ವಸಹಾಯ ಸಂಘದ ಹೆಂಗಸರ ಸಾಲದ ವಿಷಯ ನೀನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆ! ಅದನ್ನೇಕೆ ಬರೆಯಲಿಲ್ಲ?

ಇನ್ನು ಕಾಗದಪತ್ರಗಳ ಮಾತು. ಶಿಫಾರಸು ಪತ್ರ ಕೊಡುವವರನ್ನು ಕೊನೆಯ ವಾರ ಕೇಳಬೇಡ. ಮೊದಲ ಸಲ ನನ್ನ ಒಂದು ಅರ್ಜಿ ಪೂರ್ತಿಯಾಗಿ ಹೋಗದೇ ಇದ್ದದ್ದು ಪತ್ರ ತಡವಾದ್ದರಿಂದ. ತಪ್ಪು ನನ್ನದೇ, ಗುರುಗಳಿಗೆ ನಾನು ಕೊಟ್ಟದ್ದು ಬರೀ ಐದು ದಿನ. ನಿನ್ನನ್ನು ಹೆಸರಿನಿಂದ ಬಲ್ಲ, ನಿನ್ನ ಬರವಣಿಗೆ ಓದಿದ ಅಧ್ಯಾಪಕರು ಸಾಕು. ದೊಡ್ಡ ಹುದ್ದೆಯವರು ಬೇಕಿಲ್ಲ. ಅಂಕಪಟ್ಟಿಗಳ ದೃಢೀಕೃತ ಪ್ರತಿಗೆ ಈಗಲೇ ಅರ್ಜಿ ಹಾಕು, ವಾರಗಟ್ಟಲೆ ಹಿಡಿಯುತ್ತದೆ. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ಗೆ ಆತುರ ಬೇಡ, ಅಂಕಕ್ಕೆ ಎರಡೇ ವರ್ಷ ಮಾನ್ಯತೆ. ಕಾನೂನು ವಿಭಾಗಗಳು ಸಾಮಾನ್ಯವಾಗಿ 7 ಅಥವಾ 7.5 ಕೇಳುತ್ತವೆ. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂದು ಹೆದರಬೇಡ, ನಾನೂ ಅಲ್ಲಿಂದಲೇ ಬಂದವಳು.

ಇಲ್ಲಿಂದ ಮುಂದಿನದನ್ನು ಅಪ್ಪಯ್ಯ, ಅಮ್ಮನಿಗೂ ಓದಿ ಹೇಳು.

ಅಪ್ಪಯ್ಯಾ, ಈ ವರ್ಷವೇ ಇವಳನ್ನು ಕಳುಹಿಸಲು ಅಮ್ಮನ ಸರ, ಬಳೆಗಳನ್ನು ಸೊಸೈಟಿಯಲ್ಲಿ ಅಡವಿಡುವ ಯೋಚನೆ ದಯವಿಟ್ಟು ಬಿಡಿ. ಶುಲ್ಕ ಒಂದೇ ಅಲ್ಲ. ಸ್ವಂತ ಖರ್ಚಿನಲ್ಲಿ ಬರುವವರು ವೀಸಾಕ್ಕೆ ತೋರಿಸುವ ಹಣ 28 ದಿನ ಖಾತೆಯಲ್ಲಿ ಅಲುಗದೆ ಇರಬೇಕು, ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಬೇರೆ. ಎಲ್‌ಎಲ್‌ಎಂ ಮುಗಿಸಿದರೆ ಇಲ್ಲೇ ವಕೀಲಳಾಗಬಹುದು ಎಂದು ಊರಿನಲ್ಲಿ ಹೇಳುವುದು ಸರಿಯಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು 2021ರಿಂದ ಬೇರೆಯೇ ಪರೀಕ್ಷೆ ಇದೆ. ಸ್ಕಾಟ್ಲೆಂಡಿನ ದಾರಿ ಇನ್ನೂ ಬೇರೆ. ಚೆವನಿಂಗ್ ವಿದ್ಯಾರ್ಥಿವೇತನ ಶುಲ್ಕ, ಊಟ-ವಸತಿ, ವಿಮಾನದ ಖರ್ಚು ಎಲ್ಲವನ್ನೂ ಕೊಡುತ್ತದೆ, ಆದರೆ ಅರ್ಜಿ ಹಾಕುವ ಮೊದಲೇ, ಮೊದಲ ಪದವಿಯ ನಂತರದ ಎರಡು ವರ್ಷದ ಕೆಲಸದ ಅನುಭವ, ಅಂದರೆ 2,800 ಗಂಟೆ, ಕೇಳುತ್ತದೆ. ಇಲ್ಲಿನ ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲಿ ಇರಬೇಕು. ನಾನು ಹೇಗೂ ಬರುವವಳೇ.

ಆದ್ದರಿಂದ ಇವಳು ಎರಡು ವರ್ಷ ಕೋರ್ಟಿಗೆ ಹೋಗಲಿ. ಆ ಎರಡು ವರ್ಷದಲ್ಲಿ ಗಂಡು ನೋಡುವ ಮಾತು ಬರುತ್ತದೆ ಎಂದು ಇವಳಿಗೆ ಭಯ. ಅದಕ್ಕೇ ಈಗಲೇ ಓಡಿಬಿಡಬೇಕು ಎನ್ನುತ್ತಿದ್ದಾಳೆ. ನಿಮಗೆ ಹೇಳಲು ಆಗದೆ ನನಗೆ ಬರೆದಿದ್ದಾಳೆ. ನನಗೆ ಕೊಟ್ಟ ಆ ಎರಡು ವರ್ಷವನ್ನು ಇವಳಿಗೂ ಕೊಡಿ ಅಪ್ಪಯ್ಯ. ನನ್ನ ವಿಷಯದಲ್ಲಿ ನೆಂಟರ ಮಾತಿಗೆ ನೀವು ಬಗ್ಗಲಿಲ್ಲ. ಆ ಉಪಕಾರ ದೊಡ್ಡದು.

ತಂಗಿ, ಅಷ್ಟರೊಳಗೆ ಮಾಸ್ಟರ್ಸ್ ಓದಲೇಬೇಕೆನಿಸಿದರೆ ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲೂ ಒಂದು ವರ್ಷದ ಎಲ್‌ಎಲ್‌ಎಂ ಇದೆ, ಕ್ಲಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಅದೂ ಒಳ್ಳೆಯ ದಾರಿಯೇ.

ಒಂದು ಕೆಲಸ ಮಾಡಿಕೊಡು. ಸಂಜೆ ಅಜ್ಜ ಎಲೆಯಡಿಕೆ ಹಾಕಿಕೊಂಡು ಕೂತಾಗ ಮೊಬೈಲ್ ಪಕ್ಕದಲ್ಲಿಟ್ಟು, ಮುಳುಗಿದ ಊರಿನ ಗದ್ದೆಗಳ ಹೆಸರನ್ನು ಒಂದೊಂದಾಗಿ ಕೇಳಿ ಧ್ವನಿಮುದ್ರಿಸಿಕೊ. ನನ್ನ ಪ್ರಬಂಧಕ್ಕೆ ಬೇಕು. ಅವಸರ ಮಾಡಿಸಬೇಡ, ಮಧ್ಯೆ ಮಾತು ನಿಂತರೆ ಸುಮ್ಮನೆ ಕಾಯಿ. ಮೇಲಿನ ಕೇರಿಯ ಬಾವಿಯ ವಿಷಯ ಬಂದರೆ ಅಜ್ಜ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ, ಆಮೇಲೆ ತಾವೇ ಮುಂದುವರಿಸುತ್ತಾರೆ. ನೀನು ನಿನ್ನ ಮೊದಲ ಪ್ಯಾರಾ ಹೊಸದಾಗಿ ಬರೆದಿಡು. ಭಾನುವಾರ ರಾತ್ರಿ ಎಂಟಕ್ಕೆ ಕರೆ ಮಾಡುತ್ತೇನೆ, ಓದಿ ಹೇಳು.

ನಿನ್ನ,
ಅಕ್ಕ