ನಮ್ಮ ಮಕ್ಕಳ ಲ್ಯಾಬಿಗೆ ಫ್ಲೋ ಸೈಟೋಮೀಟರ್ ಬಂತು: ಎಲ್ಲರಿಗೂ ಥ್ಯಾಂಕ್ಸ್

ಚಿಕ್ಕಮಗಳೂರು ಸುತ್ತಮುತ್ತಲ ಬಿಎಸ್ಸಿ ಮಕ್ಕಳಿಗೆ ಬೇಕು ಅಂತ ಓಡಾಡುತ್ತಿದ್ದ ಫ್ಲೋ ಸೈಟೋಮೀಟರ್ ಕೊನೆಗೂ ಬಂದಿದೆ. ಕೆಲಸವನ್ನೂ ಶುರು ಮಾಡಿದೆ. ಕೈ ಜೋಡಿಸಿದ ಒಬ್ಬೊಬ್ಬರಿಗೂ ಮನಸಾರೆ ಥ್ಯಾಂಕ್ಸ್.

ಇದು ಏನು ಮಾಡುತ್ತದೆ ಅಂತ ದುಡ್ಡು ಕೊಟ್ಟ ಹಲವರು ಕೇಳಿದ್ದೀರಿ. ಕೋಶಗಳನ್ನು ಒಂದರ ಹಿಂದೊಂದು ಲೇಸರ್ ಮುಂದೆ ಹರಿಸುತ್ತದೆ. ಚದುರಿದ ಬೆಳಕಿನಿಂದ ಗಾತ್ರದ ಅಂದಾಜು ಸಿಗುತ್ತದೆ. ಹಾಕಿದ ಬಣ್ಣ ಎಷ್ಟು ಹೊಳೆಯಿತು ಅನ್ನೋದರಿಂದ ಡಿಎನ್‌ಎ ಎಷ್ಟಿದೆ ಅಂತ ಗೊತ್ತಾಗುತ್ತದೆ. ಸಾವಿರಾರು ಕೋಶಗಳ ಲೆಕ್ಕ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಮೊದಲ ಪ್ರಾಕ್ಟಿಕಲ್‌ಗೆ ಕಾಫಿ ಎಲೆ. ನಮ್ಮೂರಲ್ಲಿ ಇನ್ನೇನು ತಗೋಬೇಕು, ಅಲ್ವಾ? ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44 ಅಂತ ಮಕ್ಕಳು ಬಾಯಿಪಾಠ ಮಾಡಿದ್ದರು. ಈ ಸಲ ಮನೆ ತೋಟದಿಂದ ಚಿಗುರೆಲೆ ತಂದರು. ತಣ್ಣನೆಯ ಬಫರ್ ದ್ರಾವಣದಲ್ಲಿಟ್ಟು, ಕೋಶದೊಳಗಿನ ಡಿಎನ್‌ಎ ಇರುವ ನ್ಯೂಕ್ಲಿಯಸ್ ಹೊರಬರಲಿ ಅಂತ ಬ್ಲೇಡಿನಿಂದ ಸಣ್ಣಗೆ ಕೊಚ್ಚಿದರು, ಸೋಸಿದರು, ಡಿಎನ್‌ಎಗೆ ಅಂಟಿ ಹೊಳೆಯುವ ಪ್ರೊಪಿಡಿಯಂ ಅಯೋಡೈಡ್ ಬಣ್ಣ ಬೆರೆಸಿದರು. ಈ ಬಣ್ಣ ಆರ್‌ಎನ್‌ಎಗೂ ಅಂಟುತ್ತದೆ, ಹಾಗಾಗಿ ಅದನ್ನು ಒಡೆಯುವ ಕಿಣ್ವವನ್ನೂ ಹಾಕಬೇಕು. ಕಾಫಿ ಎಲೆಯಲ್ಲಿ ಫೀನಾಲ್ ಅಂಶ ಬೇರೆ ಜಾಸ್ತಿ, ಬಣ್ಣ ಸರಿಯಾಗಿ ಹಿಡಿಯಲು ಬಿಡುವುದಿಲ್ಲ. ಬಫರ್‌ಗೆ ಫೀನಾಲನ್ನು ಹಿಡಿದಿಡುವ ಪಿವಿಪಿ ಅನ್ನೋ ಪುಡಿ ಸೇರಿಸಿದ್ದು ಅದಕ್ಕೇ. ಸ್ಕ್ರೀನಿನಲ್ಲಿ ಮೊದಲು ರೋಬಸ್ಟಾದ ಶಿಖರ ಎದ್ದಿತು. ಅರೇಬಿಕಾದ್ದು ಅದರ ಹೆಚ್ಚುಕಡಿಮೆ ಎರಡರಷ್ಟು ದೂರದಲ್ಲಿ ಎದ್ದಿತು, ಅಂದರೆ ಡಿಎನ್‌ಎಯೂ ಸುಮಾರು ಎರಡರಷ್ಟು. "ಅದು ನಮ್ಮ ತೋಟದ್ದು!" ಅಂತ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಕೂಗಿಯೇ ಬಿಟ್ಟಳು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಇಲ್ಲಿನ ಮಕ್ಕಳು ಡಿಗ್ರಿಯಲ್ಲೇ ಅಂಥ ಕೆಲಸಕ್ಕೆ ಕೈ ಹಾಕಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಎಲ್ಲಕ್ಕಿಂತ ದೊಡ್ಡ ಥ್ಯಾಂಕ್ಸ್ ಅಕ್ಕಪಕ್ಕದ ಕಾಲೇಜುಗಳಿಗೆ. ಅವರು ತಮ್ಮ ತಮ್ಮ ಅರ್ಜಿ ಪಕ್ಕಕ್ಕಿಟ್ಟು ಒಂದೇ ಅರ್ಜಿಗೆ ಸಹಿ ಹಾಕಿದರು. ಒಬ್ಬೊಬ್ಬರೇ ಕೇಳಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ ಅಂತ ಈಗಲೂ ನಂಬಿದ್ದೇನೆ. ಮಳೆಗಾಲದ ಕರೆಂಟು ಗೊತ್ತಿದ್ದೇ ಯುಪಿಎಸ್ ಕೊಡಿಸಿದ ಬೆಳೆಗಾರರಿಗೆ, ಭಾನುವಾರ ಬಂದು ಅರ್ಥಿಂಗ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್‌ಗೆ, ಹಳೇ ವಿದ್ಯಾರ್ಥಿಗಳಿಗೆ ಋಣಿ. ನಮ್ಮ ಅಟೆಂಡರ್ ಅಣ್ಣ ದಿನಾ ಸಂಜೆ ಬ್ಲೀಚ್, ಆಮೇಲೆ ನೀರು ಹರಿಸಿ ನಳಿಕೆ ತೊಳೆಯುತ್ತಾರೆ. ಅದು ತಪ್ಪಿದರೆ ನಳಿಕೆ ಕಟ್ಟಿಕೊಂಡು ಮಷಿನ್ ಸುಮ್ನೆ ನಿಂತುಬಿಡುತ್ತದೆ. ಅವರ ಹೆಸರು ಯಾವ ವರದಿಯಲ್ಲೂ ಬರೋದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಪ್ರತಿ ಕಾಲೇಜಿಗೂ ವಾರದಲ್ಲಿ ಒಂದು ದಿನ ಗೊತ್ತುಮಾಡಿದ್ದೇವೆ. ಬರುವವರು ಎಳೆಯ ಎಲೆಯನ್ನೇ ಆರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ತನ್ನಿ.