ಹುಟ್ಟುಹಬ್ಬಕ್ಕೆ ದಿನ, ತಿಂಗಳು ಸಾಕು, ಇಸವಿ ಬೇಡ

ಮಾನ್ಯ ಸಂಪಾದಕರೇ,

ಆನ್‌ಲೈನ್ ಗೇಮ್ ಎಂದರೆ ಪತ್ರಿಕೆಗಳಲ್ಲಿ ಬರುವುದು ಬಹುಪಾಲು ಜೂಜಿನ ಸುದ್ದಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಆಡುವ ಆಟಗಳನ್ನು ಮಾತ್ರ. ಮೈನ್‌ಕ್ರಾಫ್ಟ್‌ನಂಥ ಆಟದಲ್ಲಿ ಹತ್ತಿಪ್ಪತ್ತು ಜನ ಒಂದೇ ಸರ್ವರಿನಲ್ಲಿ, ಅಂದರೆ ಅಂತರ್ಜಾಲದ ಮೂಲಕ ಎಲ್ಲರೂ ಕೂಡುವ ಒಂದು ಕಂಪ್ಯೂಟರಿನಲ್ಲಿ, ಸೇರಿ ಬ್ಲಾಕುಗಳಿಂದ (ಚೌಕ ಇಟ್ಟಿಗೆಗಳಿಂದ) ಊರು ಕಟ್ಟುತ್ತಾರೆ, ಬೆಳೆ ಬೆಳೆಯುತ್ತಾರೆ, ಬಳಗದವರ ಹುಟ್ಟುಹಬ್ಬವನ್ನೂ ಅಲ್ಲೇ ಮಾಡುತ್ತಾರೆ. ಊರು ಬಿಟ್ಟು ದೂರ ಹೋದ ಗೆಳೆಯರನ್ನು ಕೂಡಿಸುವ ಒಳ್ಳೆಯ ಪದ್ಧತಿ ಇದು. ಇಂಥ ಸರ್ವರ್ ನಡೆಸುವವರಾಗಿ, ಹಬ್ಬದ ತಯಾರಿಗೆ ಕೆಲವು ಸಲಹೆ, ಕೊನೆಗೆ ಹುಟ್ಟಿದ ಇಸವಿ ಬರೆಸಬೇಡಿ ಎಂಬ ಆಗ್ರಹ ಹೇಳಲು ನಾವು ಈ ಪತ್ರ ಬರೆಯುತ್ತಿದ್ದೇವೆ. ವಿವರಗಳೆಲ್ಲ ಮೈನ್‌ಕ್ರಾಫ್ಟ್‌ನ, ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಗೆ ಸಂಬಂಧಿಸಿದವು.

ಆಟದ ಒಂದು ಕೇಕಿಗೆ ಮೂರು ಬಕೆಟ್ ಹಾಲು, ಎರಡು ಸಕ್ಕರೆ, ಒಂದು ಮೊಟ್ಟೆ, ಮೂರು ಗೋಧಿ ಬೇಕು. ಅದರಲ್ಲಿ ಸಿಗುವುದು ಏಳೇ ತುಂಡು. ಇಪ್ಪತ್ತು ಜನಕ್ಕೆ ಮೂರು ಕೇಕ್, ಅಂದರೆ ಒಂಬತ್ತು ಬಕೆಟ್ ಹಾಲು ಆಯಿತು. ಹಾಲಿನ ಬಕೆಟ್ಟಾಗಲಿ ಕೇಕಾಗಲಿ ಆಟಗಾರರ ಚೀಲದಲ್ಲಿ ಒಂದೊಂದಕ್ಕೆ ಒಂದೊಂದು ಖಾನೆ ಹಿಡಿಯುವುದರಿಂದ ಹಿಂದಿನ ದಿನವೇ ಪೆಟ್ಟಿಗೆಯಲ್ಲಿ ಕೂಡಿಡಬೇಕು. ಒಮ್ಮೆ ಕೆಳಗಿಟ್ಟ ಕೇಕನ್ನು ಮತ್ತೆ ಎತ್ತಲಾಗದು: ಮೌಸಿನ ಎಡಗುಂಡಿ ಒತ್ತಿದರೆ ಒಡೆದು ಮಾಯವಾಗುತ್ತದೆ, ತಿನ್ನಲು ಒತ್ತಬೇಕಾದ್ದು ಬಲಗುಂಡಿ. ಹೊಸಬರು ಇಲ್ಲೇ ಎಡವುತ್ತಾರೆ, ಮೊದಲೇ ಹೇಳಿಬಿಡಿ.

ಒಂದು ದಾರ, ಒಂದು ಜೇನುಗೂಡಿನ ತುಂಡು ಸೇರಿದರೆ ಮೇಣದಬತ್ತಿ. ಯಾರೂ ಬಾಯಿ ಹಾಕದ ಇಡೀ ಕೇಕಿನ ಮೇಲೆ ಮಾತ್ರ ಅದು ನಿಲ್ಲುತ್ತದೆ, ಅದೂ ಒಂದೇ ಒಂದು. ಚಕಮಕಿಯಿಂದ ಹಚ್ಚಿ, ಬರಿಗೈಯಲ್ಲಿ ಬತ್ತಿಯ ಮೇಲೆ ಬಲಗುಂಡಿ ಒತ್ತಿದರೆ ಆರುತ್ತದೆ. ಗುರಿ ತಪ್ಪಿ ಕೇಕಿಗೆ ತಗುಲಿದರೋ, ಒಂದು ತುಂಡು ಹೊಟ್ಟೆಗೆ ಹೋಗಿ ಬತ್ತಿ ಕೆಳಗೆ ಬೀಳುತ್ತದೆ. ಇದನ್ನು ಹುಟ್ಟುಹಬ್ಬದವರಿಗೇ ಬಿಡಬೇಕು. ಇನ್ನೊಂದು ಮಾತು. ಸರ್ವೈವಲ್‌ನಲ್ಲಿ, ಅಂದರೆ ಹಸಿವು, ಪೆಟ್ಟು ಇರುವ ಆಟದ ಬಗೆಯಲ್ಲಿ, ಹಸಿವಿನ ಪಟ್ಟಿ ತುಂಬಿದ್ದರೆ ಕೇಕ್ ತಿನ್ನಲು ಬರುವುದೇ ಇಲ್ಲ. ಎಲ್ಲರೂ ಉಂಡು ಬಂದು, ಸುತ್ತ ನಿಂತು, ಗುಂಡಿ ಒತ್ತಿ ಒತ್ತಿ, ಸರ್ವರ್ ಕೆಟ್ಟಿದೆ ಎಂದು ದೂರುವುದಕ್ಕೆ ಕಾರಣ ಇದೇ. ಕೇಕಿಗೆ ಮೊದಲು ಒಂದು ಓಟದ ಪಂದ್ಯ ಇಟ್ಟುಕೊಳ್ಳಿ. ಓಡಿ ಜಿಗಿದರೆ ಹಸಿವಾಗುತ್ತದೆ, ಬಂದವರಿಗೆ ಮೋಜೂ ಆಗುತ್ತದೆ.

ಪಟಾಕಿಯೂ ಆಟದೊಳಗೇ ಉಂಟು. ಕಾಗದ, ಸಿಡಿಮದ್ದು ಮಾತ್ರ ಹಾಕಿದ ರಾಕೆಟ್ ಹಾರುತ್ತದೆ, ಬಣ್ಣ ಚೆಲ್ಲುವುದಿಲ್ಲ. ಸಿಡಿಮದ್ದಿಗೆ ಬಣ್ಣ ಬೆರೆಸಿ ಮಾಡಿದ ಫೈರ್‌ವರ್ಕ್ ಸ್ಟಾರನ್ನೂ ಸೇರಿಸಬೇಕು. ಸ್ಟಾರಿಗೆ ವಜ್ರ ಹಾಕಿದರೆ ಬಾಲದ ಗೆರೆ, ಗ್ಲೋಸ್ಟೋನ್ (ಆಟದ ಹೊಳೆಯುವ ಕಲ್ಲು) ಪುಡಿ ಹಾಕಿದರೆ ಮಿನುಗು. ಬಯಲಲ್ಲೇ ಹಾರಿಸಿ. ಚಾವಣಿಗೆ ಬಡಿದು ತಲೆಯ ಹತ್ತಿರ ಸಿಡಿದರೆ ಐದು ಬ್ಲಾಕಿನೊಳಗೆ ಇರುವವರಿಗೆ ಪೆಟ್ಟಾಗುತ್ತದೆ.

ಆಟದೊಳಗೆ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. "ಹುಟ್ಟುಹಬ್ಬ" ಎಂಬ ಪದದಲ್ಲೇ ಎರಡು ಒತ್ತುಗಳಿವೆ! ಫಲಕದ ಮೇಲೆ ಬರೆಯುವ ಬದಲು ಬ್ಲಾಕುಗಳಿಂದಲೇ ಅಕ್ಷರ ಕಟ್ಟಿ. ಒತ್ತಿಗೆಂದು ಕೆಳಗೆ ನಾಲ್ಕೈದು ಸಾಲು ಮೊದಲೇ ಬಿಟ್ಟುಕೊಳ್ಳಿ. ಉಣ್ಣೆ ಬೇಡ, ಚಕಮಕಿ ಒಂದು ಸಲ ಅತ್ತಿತ್ತ ತಾಗಿದರೂ ಹೊತ್ತಿಕೊಳ್ಳುತ್ತದೆ, ಕಾಂಕ್ರೀಟ್ ಸುಡುವುದಿಲ್ಲ. ನಾಲ್ಕು ಮರಳು, ನಾಲ್ಕು ಜಲ್ಲಿ, ಒಂದು ಬಣ್ಣಕ್ಕೆ ಎಂಟು ಬ್ಲಾಕ್ ಪುಡಿ ಬರುತ್ತದೆ, ನೀರು ತಗುಲಿಸಿದರೆ ಗಟ್ಟಿಯಾಗುತ್ತದೆ.

ಹೊತ್ತು ಗೊತ್ತುಮಾಡುವಾಗ ನಮ್ಮ ನಡುರಾತ್ರಿ ಹನ್ನೆರಡಕ್ಕೇ ಅಂಟಿಕೊಳ್ಳಬೇಡಿ. ಆಗ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಕೆಲಸದ ವೇಳೆ. ಭಾನುವಾರ ರಾತ್ರಿ ಒಂಬತ್ತೂವರೆ ಎಂದರೆ ಲಂಡನ್ನಿನಲ್ಲಿ ಸಂಜೆ ನಾಲ್ಕು ಅಥವಾ ಐದು, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಎಂಟು ಅಥವಾ ಒಂಬತ್ತು. ಅಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಈ ವ್ಯತ್ಯಾಸ. ಆಟದ ಬಳಗಗಳು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪಿನಲ್ಲಿ ಈವೆಂಟ್ ಹಾಕಿದರೆ ಅವರವರ ಊರಿನ ವೇಳೆ ತಾನೇ ಕಾಣಿಸುತ್ತದೆ.

ಈಗ ನಮ್ಮ ಮುಖ್ಯ ಆಗ್ರಹ. ಡಿಸ್ಕಾರ್ಡ್‌ನಲ್ಲಿ ಹುಟ್ಟುಹಬ್ಬ ನೆನಪಿಸುವ ಬಾಟ್‌ಗೆ (ತಾನೇ ಸಂದೇಶ ಹಾಕುವ ಪ್ರೋಗ್ರಾಂಗೆ) ದಿನ, ತಿಂಗಳು ಸಾಕು. ಹಾಗಿದ್ದೂ ಎಷ್ಟೋ ಬಳಗಗಳಲ್ಲಿ ಇಸವಿಯನ್ನೂ ಎಲ್ಲರೆದುರೇ ಬರೆಸುತ್ತಾರೆ. ಪೂರ್ತಿ ಜನ್ಮದಿನಾಂಕ ಬ್ಯಾಂಕಿನಲ್ಲೂ ಬೇರೆಡೆಯೂ ಗುರುತು ಖಚಿತಪಡಿಸಲು ಕೇಳುವ ಮಾಹಿತಿ. ಅದಕ್ಕಿಂತ ಮುಖ್ಯವಾಗಿ, ಈ ಬಳಗದಲ್ಲಿ ಮಕ್ಕಳು ಯಾರೆಂದು ಅಪರಿಚಿತರಿಗೆ ಅದು ತೋರಿಸಿಕೊಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಶುಭಾಶಯದಲ್ಲಿ ಆಟದ ಹೆಸರನ್ನೇ ಬಳಸಿ. ನಿಜ ಹೆಸರು, ಶಾಲೆ, ಫೋಟೊ ಹಾಕಬೇಡಿ. ಆಚರಣೆ ಬೇಡವೆನ್ನುವವರೂ ಇರುತ್ತಾರೆ, ಹೆಸರು ಸೇರಿಸುವ ಮೊದಲು ಕೇಳಿ.

ವಂಚಕರೂ ಆ ದಿನಕ್ಕೇ ಕಾದಿರುತ್ತಾರೆ. "ಹುಟ್ಟುಹಬ್ಬಕ್ಕೆ ನೈಟ್ರೊ ಉಡುಗೊರೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂಬ ಸಂದೇಶ ಬಂದರೆ ಮುಟ್ಟಬೇಡಿ (ನೈಟ್ರೊ ಎಂದರೆ ಡಿಸ್ಕಾರ್ಡ್‌ನಲ್ಲಿ ಹಣ ಕೊಟ್ಟು ಪಡೆಯುವ ಹೆಚ್ಚಿನ ಸೌಲಭ್ಯ). ಡಿಸ್ಕಾರ್ಡ್ ಆ್ಯಪಿನಿಂದ ಸ್ಕ್ಯಾನ್ ಮಾಡಿ ಒಪ್ಪಿಗೆ ಒತ್ತಿದರೆ ನಿಮ್ಮ ಖಾತೆ ಅವರ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಹಾಗೇನಾದರೂ ಆಗಿದ್ದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ, ಬಳಗಕ್ಕೆ ತಿಳಿಸಿ; ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

– ಗೇಮ್ ಸರ್ವರ್ ನಿರ್ವಾಹಕರು, ಮೈಸೂರು